ರಾಣಿಗೆಲ್ಲಿದೆ ಸೀಟು?

ನಮ್ಮ ಶನಿವಾರಸಂತೆಗೆ ಬಂದ ನೆಂಟರು ಕಾಫಿ ಕುಡಿದು ಮುಗಿಸುವ ಮೊದಲೇ ಕೇಳುತ್ತಾರೆ, "ಇಲ್ಲಿ ನೋಡುವಂಥ ಜಾಗ ಏನೇನಿವೆ?" ಪಟ್ಟಿಯೂ ಸಿದ್ಧವಾಗುತ್ತದೆ: ಬೆಳಿಗ್ಗೆ ಮಲ್ಲಳ್ಳಿ ಜಲಪಾತ, ಮಧ್ಯಾಹ್ನ ಮಡಿಕೇರಿಯ ಅಬ್ಬಿ, ಆಮೇಲೆ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತ. ಎಲ್ಲ ಒಂದೇ ದಿನದಲ್ಲಿ! ಇದು ನೋಡುವುದಲ್ಲ, ಹಾಜರಿ ಹಾಕುವುದು ಎನ್ನುತ್ತೇನೆ ನಾನು.

ಈ ಓಟದಲ್ಲಿ ಹೆಂಗಸಿನ ಪಾಲೇನು? ನಾಲ್ಕು ಗಂಟೆಗೇ ಎದ್ದು ಪುಳಿಯೋಗರೆ ಕಲಸಿದವಳು ಅವಳು. ಮಲ್ಲಳ್ಳಿಯಲ್ಲಿ ಕುಮಾರಧಾರೆ ಧುಮುಕುವಾಗ ಮೇಲಿನ ಮೆಟ್ಟಿಲಲ್ಲಿ ಚೀಲ ಕಾಯುತ್ತ ಕುಳಿತವಳೂ ಅವಳೇ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂದು ಹೆದರಿ, ಬೆಳಗಿನಿಂದ ತೊಟ್ಟು ನೀರು ಕುಡಿಯದೆ ಜಲಪಾತ ನೋಡಲು ಹೋಗುವ ಜೀವ ಅವಳೊಬ್ಬಳೇ!

ಕೊಡಗಿನ ಅರಸರು ಕುಳಿತು ಸಂಜೆ ಕಳೆಯುತ್ತಿದ್ದ ಜಾಗವೆಂದು ರಾಜಾಸೀಟಿಗೆ ಆ ಹೆಸರು. ರಾಣಿಯ ಸೀಟು ಎಲ್ಲಿ? ಹುಡುಕಿದರೆ ಮಡಿಕೇರಿಯ ಗದ್ದಿಗೆಯಲ್ಲಿ ಸಿಗುತ್ತದೆ. ಅಲ್ಲಿ ದೊಡ್ಡವೀರರಾಜೇಂದ್ರನ ಜೊತೆ ಮಹಾದೇವಮ್ಮಾಜಿಯ ಸಮಾಧಿಯಿದೆ. ನಮಗೆ ಕೂರಲು ಪುರುಸೊತ್ತು ಸಿಗುವುದಕ್ಕೆ ಅಲ್ಲಿಯವರೆಗೆ ಕಾಯಬೇಕೇ?

ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಎನ್ನುವವರಿದ್ದಾರೆ. ಬರಲಿ, ಬೇಡ ಎಂದವರಾರು? ಆದರೆ ಹೊಸ ಜಾಗಗಳಿಗೆ ಬೋರ್ಡು ನೆಡುವ ಮೊದಲು, ಇರುವ ಜಾಗಗಳಲ್ಲಿ ನೀರು, ಚಿಲಕ ಎರಡೂ ಇರುವ ಶೌಚಾಲಯ ಕಟ್ಟಿಸಲಿ. ಮನೆಯ ಗಂಡಸರು ಸರದಿಯ ಮೇಲೆ ಚೀಲ ಕಾಯಲಿ. ನೀವೂ ಅಷ್ಟೇ, ನಾಲ್ಕರ ಬದಲು ಒಂದೇ ಜಾಗಕ್ಕೆ ಹೋಗಿ, ಮನದಣಿಯೆ ಕೂತು ಬನ್ನಿ. ಉಳಿದ ಮೂರು ಎಲ್ಲಿಗೂ ಓಡಿಹೋಗುವುದಿಲ್ಲ.