ಮರದ ಮರುತ್‌ಗೆ ಒಂದು ಮೈದಾನ

1959ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಒಂದು ಮರದ ವಿಮಾನ ಹಾರಿತು. ಅದಕ್ಕೆ ಎಂಜಿನ್ ಇರಲಿಲ್ಲ. ಡಕೋಟಾವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟಿತು, ಅದು ತೇಲಿಕೊಂಡು ಇಳಿಯಿತು. ಭಾರತದ ಮೊದಲ ಜೆಟ್ ಯುದ್ಧವಿಮಾನ ಮರುತ್‌ನ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಕಟ್ಟಿದ ಗ್ಲೈಡರ್ ಅದು. ಜರ್ಮನಿಯ ಕುರ್ಟ್ ಟ್ಯಾಂಕ್‌ನಂಥ ವಿನ್ಯಾಸಕಾರನೂ ನೇರವಾಗಿ ಲೋಹಕ್ಕೆ ಕೈ ಹಾಕಲಿಲ್ಲ, ಮೊದಲು ಮರದಲ್ಲಿ ಮಾಡಿ ಹಾರಿಸಿ ನೋಡಿದ. ಲೋಹದ ಮರುತ್ ಹಾರಿದ್ದು 1961ರ ಜೂನ್ 17ರಂದು. ಮುಂದೆ 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಕೆಲಸಕ್ಕೆ ಬಂದವು.

ಇವತ್ತು ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಯಾರಾದರೂ ಅದೇ ಮರುತ್ ಅನ್ನು ಹತ್ತನೇ ಒಂದರ ಅಳತೆಯಲ್ಲಿ ಬಾಲ್ಸಾ ಮರ, ಥರ್ಮೋಕೋಲಿನಲ್ಲಿ ಕಟ್ಟಲು ಕೂತರೆ ಎರಡು ಪ್ರಶ್ನೆ ಏಳುತ್ತವೆ. ನೆರೆಯವರದು: ಇಷ್ಟು ವಯಸ್ಸಾದರೂ ಇನ್ನೂ ಆಟವೇ? ಪೊಲೀಸರದು: ಇದಕ್ಕೆ ಯಾರ ಪರವಾನಗಿ? ಮೊದಲನೆಯದನ್ನು ನಕ್ಕು ಬಿಡಬಹುದು. ಎರಡನೆಯದಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಇವುಗಳಲ್ಲಿ ಯಾವ ನಗರವೂ ನೇರ ಉತ್ತರ ಕೊಡುವುದಿಲ್ಲ. ಅಸಲು ತಕರಾರು ಇಲ್ಲೇ ಇದೆ.

ಮೊದಲು ಆಟ ಎಂಬ ಮಾತು. ಮರುತ್‌ನ ರೆಕ್ಕೆಯ ಅಗಲ 9 ಮೀಟರ್, ಉದ್ದ ಸುಮಾರು 16 ಮೀಟರ್, ಖಾಲಿ ತೂಕ ಸುಮಾರು 6,200 ಕಿಲೋ, ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್. ಹತ್ತನೇ ಒಂದಕ್ಕೆ ಇಳಿಸಿದರೆ ರೆಕ್ಕೆ 90 ಸೆಂಟಿಮೀಟರ್, ಉದ್ದ 1.6 ಮೀಟರ್. ವಿಸ್ತೀರ್ಣ ಮಾತ್ರ ಹತ್ತರಲ್ಲಿ ಅಲ್ಲ, ನೂರರಲ್ಲಿ ಒಂದು ಪಾಲಾಗುತ್ತದೆ, ಅಂದರೆ 0.28 ಚದರ ಮೀಟರ್. ತೂಕ ಸಾವಿರದಲ್ಲಿ ಒಂದು ಪಾಲಾಗಿ 6.2 ಕಿಲೋಗೆ ಬರುತ್ತದೆ. ಅಷ್ಟು ಭಾರವನ್ನು ಅಷ್ಟು ಚಿಕ್ಕ ರೆಕ್ಕೆ ಹೊತ್ತರೆ ಹಾರುವ ವೇಗವೂ ಇಳಿಯುವ ವೇಗವೂ ಕೈಮೀರುತ್ತವೆ. ಆದ್ದರಿಂದ ಎರಡೂವರೆ ಕಿಲೋ ಆಸುಪಾಸಿನಲ್ಲಿ ಮುಗಿಸಬೇಕು. ಪ್ರತಿ ಗ್ರಾಂಗೂ ಲೆಕ್ಕ. ಬ್ಯಾಟರಿಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿದರೆ ಭಾರದ ಕೇಂದ್ರ ಹಿಂದೆ ಹೋಗುತ್ತದೆ, ವಿಮಾನ ಮೂತಿ ಎತ್ತಿ ಬೀಳುತ್ತದೆ. ಮರುತ್‌ನ ಒಡಲು ನಡುವೆ ಸೊಂಟದಂತೆ ಕಿರಿದಾಗುವುದು ಚಂದಕ್ಕಲ್ಲ, ಶಬ್ದದ ವೇಗದ ಹತ್ತಿರ ಎದುರಾಗುವ ಗಾಳಿಯ ತಡೆಯನ್ನು ತಗ್ಗಿಸಲಿಕ್ಕೆ. ಇದನ್ನು ಪುಸ್ತಕದಲ್ಲಿ ಓದಿದವನು ಪರೀಕ್ಷೆ ಬರೆದು ಮರೆಯುತ್ತಾನೆ. ಆ ಸೊಂಟವನ್ನು ಮರಳುಕಾಗದದಲ್ಲಿ ಉಜ್ಜಿ ತೆಗೆದವನು ಮರೆಯುವುದಿಲ್ಲ. ಡೊಂಬಿವಲಿಯವನಾದರೆ ಇನ್ನೊಂದು ಲೆಕ್ಕವೂ ಇದೆ: ರೆಕ್ಕೆ ಬಿಚ್ಚಿ, ಒಡಲನ್ನು ಎರಡು ತುಂಡು ಮಾಡಿ ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ಒಯ್ಯುವಂತಿರಬೇಕು.

ಇದು ಆಟವೆಂದಾದರೆ ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಏರೋಮಾಡೆಲಿಂಗ್ ಅನ್ನು ತರಬೇತಿಯ ಭಾಗವಾಗಿ ಯಾಕೆ ಇಟ್ಟಿದ್ದಾರೆ? ಅಖಿಲ ಭಾರತ ವಾಯುಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆ ಯಾಕೆ? ಸಮವಸ್ತ್ರ ಹಾಕಿಕೊಂಡು ಹಾರಿಸಿದರೆ ಶಿಸ್ತು, ಬನಿಯನ್ ಹಾಕಿಕೊಂಡು ಹಾರಿಸಿದರೆ ಶಂಕೆ!

ಇನ್ನು ಕಾನೂನು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನು ಮರೆತಿಲ್ಲ. ಕಲಿಕೆ, ಸಂಶೋಧನೆ, ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ, 25 ಕಿಲೋ ಮೀರದ ಮಾದರಿಗೆ ಟೈಪ್ ಸರ್ಟಿಫಿಕೇಟ್ ಬೇಡ. ಆದರೆ ಪರವಾನಗಿ ಇಲ್ಲದೆ ಹವ್ಯಾಸಕ್ಕೆ ಹಾರಿಸುವ ವಿನಾಯಿತಿ 2 ಕಿಲೋಗೆ ನಿಲ್ಲುತ್ತದೆ. ಎರಡೂವರೆ ಕಿಲೋದ ಮರುತ್ ಅಲ್ಲೇ ಸಿಕ್ಕಿಬೀಳುತ್ತದೆ. ಪರವಾನಗಿ ಬೇಕೆನ್ನುವುದು ತಪ್ಪಲ್ಲ. ಆದರೆ ನಿಂತಲ್ಲೇ ನಿಲ್ಲುವ ನಾಲ್ಕು ರೆಕ್ಕೆಯ ಡ್ರೋನ್ ಕಲಿತವನಿಗೆ ಓಡುತ್ತಲೇ ಇರಬೇಕಾದ ಜೆಟ್ ಮಾದರಿಯನ್ನು ಇಳಿಸಲು ಬರುವುದಿಲ್ಲ. ಆಟೋರಿಕ್ಷಾ ಪರೀಕ್ಷೆ ಪಾಸಾದವನ ಕೈಗೆ ಲಾರಿ ಕೊಟ್ಟಂತೆ.

ಜಾಗದ ಕಥೆ ಇನ್ನೂ ಬಿಗಿ. ವಿಮಾನ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿಲೋಮೀಟರ್‌ವರೆಗೆ ಹಳದಿ ವಲಯ, ಅಲ್ಲಿ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್‌ವರೆಗೆ 200 ಅಡಿ, ಅದರಾಚೆ ಹಸಿರು ವಲಯವಿದ್ದರೆ 400 ಅಡಿ. 2025ರ ಅಕ್ಟೋಬರ್ 8ರಂದು ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಉಲ್ವೆ, ಬೇಲಾಪುರ, ಪನ್ವೇಲ್‌ಗಳ ಖಾಲಿ ಜಾಗಗಳ ಲೆಕ್ಕ ಮುಗಿದಂತೆಯೇ. ದೊಡ್ಡ ವಿಮಾನ ಬರುವಾಗ ಚಿಕ್ಕದು ಜಾಗ ಬಿಡಬೇಕು, ಇದರಲ್ಲಿ ವಾದವಿಲ್ಲ. ಆದರೆ ಬಿಟ್ಟವನು ಎಲ್ಲಿಗೆ ಹೋಗಬೇಕು? ಕಲ್ಯಾಣ, ಡೊಂಬಿವಲಿ ಎರಡೂ ನಿಲ್ದಾಣಗಳಿಂದ ಸಾಕಷ್ಟು ದೂರ. ಅಲ್ಲಿ ಅಡ್ಡಿ ಆಕಾಶದ್ದಲ್ಲ, ನೆಲದ್ದು. ಇರುವ ಮೈದಾನವೆಲ್ಲ ಕ್ರಿಕೆಟ್‌ನ ಪಾಲು, ಉಳಿದದ್ದು ಕಟ್ಟಡದ ಪಾಲು.

ಕಲ್ಯಾಣದ ಪಕ್ಕದ ನೇವಾಳಿಯಲ್ಲಿ ಎರಡನೇ ಮಹಾಯುದ್ಧದ ಕಾಲದ ರನ್‌ವೇ ಇದೆಯಲ್ಲ ಎಂದು ಕೆಲವು ಹವ್ಯಾಸಿಗಳು ಆಸೆಪಡಬಹುದು. ಆ ಆಸೆ ಬಿಡುವುದು ಒಳ್ಳೆಯದು. ಬ್ರಿಟಿಷರು ಯುದ್ಧಕ್ಕೆಂದು ರೈತರಿಂದ ತೆಗೆದುಕೊಂಡ ನೆಲ ಅದು. ನೌಕಾಪಡೆ ಅಲ್ಲಿ ಗೋಡೆ ಕಟ್ಟಲು ಹೊರಟಾಗ 2017ರ ಜೂನ್ 22ರಂದು ರೈತರು ಬೀದಿಗಿಳಿದರು, ವಾಹನಗಳು ಸುಟ್ಟವು. ಹೊಲ ಕಳೆದುಕೊಂಡವರ ಎದುರು ಆಟದ ವಿಮಾನಕ್ಕೆ ಅದೇ ನೆಲ ಕೇಳುವುದು ನಾಚಿಕೆಗೇಡು.

ಭದ್ರತೆಯ ವಾದವನ್ನು ತಳ್ಳಿಹಾಕಲಾಗದು. ಅಂಬರ್ನಾಥದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆ, ಟ್ರಾಂಬೆಯಲ್ಲಿ ಅಣು ಸಂಶೋಧನಾ ಕೇಂದ್ರ ಇರುವ ಸೀಮೆ ಇದು. ಮುಂಬಯಿ ಪೊಲೀಸರು ಆಗಾಗ ಹೊರಡಿಸುವ ನಿಷೇಧಾಜ್ಞೆಗಳಲ್ಲಿ ಡ್ರೋನ್, ಪ್ಯಾರಾಗ್ಲೈಡರ್, ರಿಮೋಟ್ ನಿಯಂತ್ರಿತ ಲಘು ವಿಮಾನ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಆ ಆಜ್ಞೆಯ ಗಡಿ ಮುಲುಂಡ್‌ನಲ್ಲಿ ಮುಗಿದರೂ ನೆರಳು ಕಲ್ಯಾಣದವರೆಗೆ ಚಾಚುತ್ತದೆ. ಅಪಾಯವೂ ಸುಳ್ಳಲ್ಲ: ಗಂಟೆಗೆ 100 ಕಿಲೋಮೀಟರ್ ವೇಗದ ಎರಡೂವರೆ ಕಿಲೋ ಮಾದರಿ ಜನರ ನಡುವೆ ಬಿದ್ದರೆ ಜೀವ ಹೋಗಬಹುದು. ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು. ಅದಕ್ಕೇ ಗೊತ್ತಿರುವ ಮೈದಾನ ಬೇಕು. ಹೆಸರು ಬರೆಸಿ, ಗೆರೆಯ ಹಿಂದೆ ನಿಂತು ಹಾರಿಸುವವನನ್ನು ಪೊಲೀಸರು ಗುರುತಿಸಬಲ್ಲರು. ಕದ್ದು ಹಾರಿಸುವವನನ್ನು ಅಲ್ಲ. ಎಲ್ಲರನ್ನೂ ಓಡಿಸಿದರೆ ಉಳಿಯುವುದು ಕದಿಯುವವನು ಮಾತ್ರ.

ಇನ್ನು ಯುದ್ಧೋನ್ಮಾದದ ಆರೋಪ. ಟಿವಿ ಸ್ಟುಡಿಯೋದಲ್ಲಿ ಕೂತು ದಾಳಿ ಮಾಡಿ ಎಂದು ಅರಚುವವನಿಗೆ ಮರುತ್ ಯಾಕೆ ಮೂಲೆಗೆ ಬಿತ್ತು ಎಂದು ಗೊತ್ತಿರುವುದಿಲ್ಲ. ಮಾದರಿ ಕಟ್ಟುವವನಿಗೆ ಗೊತ್ತಿರುತ್ತದೆ: ಆ ಒಳ್ಳೆಯ ಒಡಲಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಯುದ್ಧವಿಮಾನವನ್ನು ಬಿಚ್ಚಿ ನೋಡಿದವನಿಗೆ ಜಂಬಕ್ಕಿಂತ ವಿವೇಕ ಹೆಚ್ಚು.

ಜಂಬಕ್ಕೆ ಈ ದೇಶದಲ್ಲಿ ವೇದಿಕೆಗೇನು ಕೊರತೆ? 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಅಂಥ ಮಾತುಗಳಿಗೆಲ್ಲ ಆಧಾರವೆನ್ನುವ ವೈಮಾನಿಕ ಶಾಸ್ತ್ರವನ್ನು ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಅದರ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಹಾರದ ವಿಮಾನಕ್ಕೆ ಸಭಾಂಗಣ ಸಿಕ್ಕಿತು, ಹಾರುವ ವಿಮಾನಕ್ಕೆ ಮೈದಾನ ಸಿಗುವುದಿಲ್ಲ.

2022ರ ಫೆಬ್ರುವರಿಯಲ್ಲಿ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದು ನಿಷೇಧಿಸಿ, ಬಿಡಿಭಾಗಗಳಿಗೆ ಬಾಗಿಲು ತೆರೆದಿಟ್ಟಿತು. ಇಲ್ಲೇ ಮಾಡಿ ಎಂಬುದು ಅದರ ಅರ್ಥ. ಮಾಡುವವರು ಎಲ್ಲಿಂದ ಬರಬೇಕು? ಹದಿನಾಲ್ಕನೇ ವಯಸ್ಸಿನಲ್ಲಿ ರೆಕ್ಕೆ ಕೊರೆದು, ಹಾರಿಸಿ, ಒಡೆದು, ಮತ್ತೆ ಅಂಟಿಸಿದವರಿಂದಲೇ.

ಹವ್ಯಾಸಿಗಳ ಪಾಲೂ ಇದೆ. ಯಾರಿಗೂ ಹೇಳಬೇಡಿ, ಬೆಳಿಗ್ಗೆ ಬೇಗ ಹಾರಿಸಿ ಜಾಗ ಖಾಲಿ ಮಾಡೋಣ ಎಂಬ ಕಳ್ಳದಾರಿ ಬಿಡಬೇಕು. ರೈಲು ಹಳಿ, ವಿದ್ಯುತ್ ತಂತಿ, ವಸತಿಯ ಹತ್ತಿರ ಹಾರಿಸುವವನನ್ನು ಮೊದಲು ತಡೆಯಬೇಕಾದವರು ಅವರೇ. ಶಾಲೆಯ ಮಕ್ಕಳನ್ನು ಕರೆದು ಕಲಿಸಬೇಕು. ಮಕ್ಕಳಿಲ್ಲದ ಹವ್ಯಾಸಕ್ಕೆ ಊರು ನೆಲ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಬೇಡಿಕೆ ದೊಡ್ಡದಲ್ಲ. ಮಳೆಗಾಲದ ನಾಲ್ಕು ತಿಂಗಳು ಹೇಗೂ ಮನೆಯಲ್ಲಿ ಕಟ್ಟುವ ಕಾಲ. ಅಕ್ಟೋಬರ್‌ನಿಂದ ಮೇ ತನಕ, ಭಾನುವಾರ ಬೆಳಿಗ್ಗೆ 6ರಿಂದ 9, ಗಾಳಿ ಏಳುವ ಮೊದಲು. ನಕಾಶೆಯಲ್ಲಿ ಹಸಿರಿರುವ ಕಡೆ, ವಸತಿಯಿಂದ ದೂರದ ಒಂದು ಮೈದಾನ. ನಗರಪಾಲಿಕೆ, ಪೊಲೀಸ್ ಇಬ್ಬರ ಅನುಮತಿಯೂ ಒಂದೇ ಕಿಟಕಿಯಲ್ಲಿ, ವರ್ಷಕ್ಕೊಮ್ಮೆ. ವಾರಕ್ಕೆ ಮೂರು ಗಂಟೆ ಬಿಟ್ಟುಕೊಟ್ಟರೆ ಕ್ರಿಕೆಟ್ ಸಾಯುವುದಿಲ್ಲ. ಮುಂಬಯಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ನಿಜವಾದ ಮರುತ್ ನೆಲಕ್ಕೆ ಕಚ್ಚಿ ನಿಂತಿದೆ, ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಅವರಲ್ಲಿ ಒಬ್ಬಳಾದರೂ ಮುಂದಿನ ಭಾನುವಾರ ಅದರ ಹತ್ತನೇ ಒಂದನ್ನು ಕೈಯಾರೆ ಹಾರಿಸುವಂತಾಗಲಿ.