ಗಾಲಿಯ ಭಾರ

ರೋಣದಿಂದ ಗಜೇಂದ್ರಗಡಕ್ಕೋ ನರಗುಂದಕ್ಕೋ ದಿನವೂ ಕಾರಿನಲ್ಲಿ ಓಡಾಡುವ ಗೃಹಸ್ಥನಿಗೆ ಒಂದು ಪ್ರಲೋಭನವುಂಟು. ಉಕ್ಕಿನ ಗಾಲಿಗಳನ್ನು ಕಳಚಿ ಥಳಥಳಿಸುವ ಅಲ್ಯುಮಿನಿಯಂ ಮಿಶ್ರಲೋಹದ ಗಾಲಿಗಳನ್ನು ಹಾಕಿಸಿದರೆ ಕಾರು ಹಗುರಾಗಿ ಓಡುವುದೆಂದು ಅಂಗಡಿಯವನು ಹೇಳುತ್ತಾನೆ. ಮಾತು ಸುಳ್ಳಲ್ಲ, ಆದರೆ ಎಷ್ಟು ನಿಜ?

ಗಾಲಿಯು ಮುಂದೆ ಸಾಗುವುದಲ್ಲದೆ ತಿರುಗಲೂ ಬೇಕು. ಆದುದರಿಂದ ವೇಗ ಹೆಚ್ಚಿಸುವಾಗ ಅದರ ಅಂಚಿನ 1 ಕಿಲೋಗ್ರಾಂ ಭಾರವು ಕಾರಿನೊಳಗಣ ಸುಮಾರು 2 ಕಿಲೋಗ್ರಾಂಗೆ ಸಮ. ಗಾಲಿಯೊಂದಕ್ಕೆ 2 ಕಿಲೋಗ್ರಾಂ ಉಳಿಯಿತೆಂದಿಟ್ಟುಕೊಂಡರೂ ನಾಲ್ಕರಿಂದ ದೊರೆಯುವ ಲಾಭ ಹೆಚ್ಚೆಂದರೆ 16 ಕಿಲೋಗ್ರಾಂ. 900 ಕಿಲೋಗ್ರಾಂ ತೂಗುವ ಕಾರಿಗೆ ಇದು ಶೇಕಡಾ 2ಕ್ಕಿಂತ ಕಡಿಮೆ. ಡಿಕ್ಕಿಯಿಂದ ಸಣ್ಣದೊಂದು ಜೋಳದ ಮೂಟೆಯನ್ನು ಇಳಿಸಿದರೂ ಅದೇ ಫಲ! ನರಗುಂದವನ್ನು ಹಾಯ್ದುಹೋಗುವ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಸಾಗುವಾಗಲಂತೂ ಈ ವ್ಯತ್ಯಾಸ ತಿಳಿಯಲಾರದು.

ಹಗುರ ಗಾಲಿಯ ನಿಜವಾದ ಗುಣ ಬೇರೆ. ಇದು ಎರೆನೆಲದ ಸೀಮೆ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣಿನ ಮೇಲೆ ಡಾಂಬರು ಅಲೆಯಲೆಯಾಗಿ ಏಳುತ್ತದೆ. ಗಾಲಿಯ ಭಾರವನ್ನು ಸ್ಪ್ರಿಂಗುಗಳು ಹೊರುವುದಿಲ್ಲವಾದುದರಿಂದ ಹಗುರ ಗಾಲಿಯೇ ಇಂಥ ಏರಿಳಿತವನ್ನು ಬೇಗ ಅನುಸರಿಸಿ ನೆಲವನ್ನು ಬಿಡದೆ ಹಿಡಿಯುತ್ತದೆ. ಆದರೆ ಅದೇ ರಸ್ತೆಯ ತಗ್ಗಿಗೆ ಬಿದ್ದ ಉಕ್ಕಿನ ಗಾಲಿ ಬಹುಮಟ್ಟಿಗೆ ಬಾಗುತ್ತದೆ; ಮಿಶ್ರಲೋಹದ್ದು ಸೀಳಬಹುದು. ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನಿಗೆ ಈ ಭೇದ ಸಣ್ಣದಲ್ಲ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕಿಸುತ್ತಿದ್ದ ರೈತನು ಮೊದಲು ನೋಡುತ್ತಿದ್ದುದೂ ಗಟ್ಟಿತನವನ್ನೇ.

ಅಳತೆ ದೊಡ್ಡದಾದ ಮಿಶ್ರಲೋಹದ ಗಾಲಿ ಹಳೆಯ ಉಕ್ಕಿನದಕ್ಕಿಂತ ಹೆಚ್ಚು ತೂಗುವುದೂ ಉಂಟು. ಕೊಳ್ಳುವ ಮುನ್ನ ಎರಡನ್ನೂ ತಕ್ಕಡಿಗೆ ಇಡಿಸಿ ನೋಡುವುದರಲ್ಲಿ ಸಂಕೋಚವೇನು? ಅಷ್ಟರೊಳಗೆ, ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಪರೀಕ್ಷಿಸಿ ಸರಿಪಡಿಸಿಕೊಂಡರೆ ಕಾರು ಆ ದಿನವೇ ಹಗುರಾಗಿ ಉರುಳುತ್ತದೆ.