ದೊಡ್ಡ ಇಂಗ್ಲಿಷ್ ಪದಗಳಿಗೆ ಕನ್ನಡದ ದಾರಿ

ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗರು ಇಂಗ್ಲಿಷ್ ಸುಧಾರಿಸಬೇಕು ಅಂದಕೂಡಲೇ ಮಾಡುವ ಮೊದಲ ಕೆಲಸ, ದಿನಕ್ಕೆ 20 ಪದ ಉರು ಹೊಡೆಯುವುದು. ವಾರ ಕಳೆದರೆ ಅರ್ಧಕ್ಕರ್ಧ ಮರೆತಿರುತ್ತದೆ. "ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಬಿಡಿ" ಅಂತ ಕೈಚೆಲ್ಲುತ್ತಾರೆ. ನನ್ನ ಪ್ರಕಾರ ತಪ್ಪು ಆ ಪಟ್ಟಿಯದ್ದು, ತಲೆಯದ್ದಲ್ಲ.

ಇಂಗ್ಲಿಷಿನ ಭಾರೀ ನಾಮಪದಗಳಲ್ಲಿ ಬಹಳಷ್ಟು ಜೋಡಿಸಿ ಮಾಡಿದವು. ಲ್ಯಾಟಿನ್‌ನಲ್ಲಿ 'ಆನಿಮಸ್' ಅಂದರೆ ಮನಸ್ಸು, 'ಮ್ಯಾಗ್ನಸ್' ಅಂದರೆ ದೊಡ್ಡದು. ಎರಡೂ ಸೇರಿದರೆ ಮ್ಯಾಗ್ನನಿಮಿಟಿ, ಅಂದರೆ ನಮ್ಮ 'ದೊಡ್ಡ ಮನಸ್ಸು'! 'ಊನಸ್' ಅಂದರೆ ಒಂದು. ಯುನಾನಿಮಿಟಿ ಅಂದರೆ ಒಮ್ಮತ. 'ಐಕ್ವಸ್' ಅಂದರೆ ಸಮ. ಈಕ್ವನಿಮಿಟಿ ಅಂದರೆ ಸಮಚಿತ್ತ. ಒಂದೇ ಬೇರಿಗೆ ಮೂರು ಪದ ಸಿಕ್ಕಿತಲ್ಲ?

ಬಾಲಗಳೂ ಹಾಗೇ. ನಾವು ಜಾಣನಿಂದ ಜಾಣತನ ಮಾಡಿದಂತೆ ಅವರು ಕೈಂಡ್‌ನಿಂದ ಕೈಂಡ್‌ನೆಸ್ ಮಾಡುತ್ತಾರೆ. ನಂಬು-ನಂಬಿಕೆ ಇದ್ದಂತೆ ಅಗ್ರೀ-ಅಗ್ರೀಮೆಂಟ್. ಕನ್ನಡ ಬಲ್ಲವನಿಗೆ ಈ ಲೆಕ್ಕ ಹೊಸದೇನಲ್ಲ.

ನಾರ್ಮನ್ ಲೂಯಿಸ್ 1949ರಲ್ಲೇ 'ವರ್ಡ್ ಪವರ್ ಮೇಡ್ ಈಸಿ' ಪುಸ್ತಕದಲ್ಲಿ ಬೇರು ಹಿಡಿದು ಕಲಿಯುವ ದಾರಿ ತೋರಿಸಿದ್ದರು. ಉರು ಹೊಡೆದವರಿಗೆ ಅನುಕೂಲವಾಗಿದ್ದ ವಿರುದ್ಧಪದದ ಪ್ರಶ್ನೆಗಳನ್ನು ಜಿಆರ್‌ಇ ಪರೀಕ್ಷೆಯೂ 2011ರಲ್ಲಿ ಕೈಬಿಟ್ಟಿತು. ಈಗ ಪದವನ್ನು ವಾಕ್ಯದೊಳಗೇ ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಕಲಿತದ್ದನ್ನೆಲ್ಲ ಮಾತಿನಲ್ಲಿ ತುರುಕಬೇಡಿ. 'ಹೆಲ್ಪ್' ಸಾಕಾಗುವ ಕಡೆ 'ಅಸಿಸ್ಟೆನ್ಸ್' ಯಾಕೆ? ದೊಡ್ಡ ಪದ ಗೊತ್ತಿದ್ದರೆ ದೊಡ್ಡ ಪುಸ್ತಕ ಓದಬಹುದು, ಸಂದರ್ಶನದಲ್ಲಿ ಪ್ರಶ್ನೆ ಕೇಳಿ ತಬ್ಬಿಬ್ಬಾಗುವುದು ತಪ್ಪುತ್ತದೆ. ಉತ್ತರ ಸರಳವಾಗಿದ್ದರೆ ಯಾರೂ ಅಂಕ ಕಳೆಯುವುದಿಲ್ಲ.

ಏನಂತೀರಿ?